ಡಿಸ್ಲೆಕ್ಸಿಯಾ ಇರುವ ಮಗುವಿಗೆ ಫೋನಿನಲ್ಲೇ ಓದುವ ಪುಟ ಸಿದ್ಧ ಮಾಡುವುದು: ಒಬ್ಬ ಡಿಟಿಪಿ ಮಾವನ ಮಾರ್ಗದರ್ಶಿ

ಮೈಸೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಕರಪತ್ರ, ವರ್ಷಕ್ಕೊಂದೆರಡು ಕವನ ಸಂಕಲನ, ಇಷ್ಟೇ ವ್ಯಾಪಾರ. ಅಕ್ಕನ ಮನೆ ಮಂಡ್ಯದಲ್ಲಿ. ಅವಳ ಮಗ ಐದನೇ ಕ್ಲಾಸಿನಲ್ಲಿದ್ದಾಗ ದಸರಾ ರಜೆಗೆ ನಮ್ಮನೆಗೆ ಬಂದಿದ್ದ. ಕತೆ ಹೇಳೋ ಅಂದರೆ ಅರ್ಧ ಗಂಟೆ ಬಿಡದೆ ಹೇಳುವ ಹುಡುಗ. ಪುಸ್ತಕ ಕೈಗೆ ಕೊಟ್ಟರೆ ಮೂರನೇ ಸಾಲಿಗೇ ಬೆವರುತ್ತಿದ್ದ. ಶಾಲೆಯಲ್ಲಿ ಆಗಲೇ ‘ಸೋಮಾರಿ’ ಅಂತ ಹೆಸರು ಬಿದ್ದಿತ್ತು.

ಒಂದು ಸಂಜೆ ಅಂಗಡಿಯಲ್ಲಿ ಯಾವುದೋ ಬ್ಯಾನರ್‌ಗೆ ಮ್ಯಾಟರ್ ಕೂರಿಸುತ್ತಿದ್ದೆ. ಸ್ಕ್ರೀನಿನ ಮೇಲೆ ಅಕ್ಷರ ದಪ್ಪಗಿತ್ತು, ಸಾಲುಗಳ ನಡುವೆ ಬೆರಳು ಹೋಗುವಷ್ಟು ಜಾಗ. ಹಿಂದೆ ನಿಂತಿದ್ದ ಹುಡುಗ ನಾಲ್ಕು ಸಾಲನ್ನು ಎಲ್ಲೂ ನಿಲ್ಲದೆ ಓದಿಬಿಟ್ಟ. ನಾನು ತಿರುಗಿ ನೋಡಿದೆ. “ಇದು ಓದಕ್ಕಾಯ್ತದೆ ಮಾವ. ಅಕ್ಷರ ಒಂದರ ಮೇಲೊಂದು ಬೀಳಲ್ಲ” ಅಂದ.

ಇಪ್ಪತ್ತು ವರ್ಷದಿಂದ ಅಕ್ಷರ ಜೋಡಿಸುವ ಕೆಲಸ ನನ್ನದು. ಸಾಲಿನ ಅಂತರ ಹೆಚ್ಚುಕಡಿಮೆ ಮಾಡುವುದು ಕಾಗದ ಉಳಿಸುವ ಲೆಕ್ಕ ಅಂತಲೇ ತಿಳಿದಿದ್ದೆ. ಅದು ಒಂದು ಮಗು ಓದುತ್ತದೋ ಇಲ್ಲವೋ ಅನ್ನುವ ಲೆಕ್ಕವೂ ಹೌದು ಅಂತ ಗೊತ್ತಾಗಿದ್ದು ಅವತ್ತು. ಆಮೇಲೆ ಹಳೇ ಫೋನಿನಲ್ಲಿ ಅವನಿಗಾಗಿ ಓದುವ ಪುಟ ಮಾಡಿಕೊಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಅಕ್ಷರದ ಕೆಲಸದವನು ಹೇಳಬಹುದಾದಷ್ಟನ್ನು ಮಾತ್ರ ಹೇಳುತ್ತೇನೆ.

ಮೊದಲು ತಪಾಸಣೆ, ಆಮೇಲೆ ಫೋನು

ಓದಲು ತಡವರಿಸುವ ಮಕ್ಕಳಿಗೆಲ್ಲ ಡಿಸ್ಲೆಕ್ಸಿಯಾ, ಅಂದರೆ ಸದ್ದಿಗೂ ಅಕ್ಷರಕ್ಕೂ ಜೋಡಿಸಿ ಓದುವುದೇ ಕಷ್ಟವಾಗುವ ತೊಂದರೆ, ಇರುವುದಿಲ್ಲ. ಕಣ್ಣಿಗೆ ಕನ್ನಡಕ ಬೇಕಿರಬಹುದು, ಕಿವಿ ಸರಿಯಾಗಿ ಕೇಳದಿರಬಹುದು, ಎರಡು ವರ್ಷ ಪಾಠವೇ ಸರಿಯಾಗಿ ಆಗದಿರಬಹುದು. ಹಾಗಾಗಿ ಕಣ್ಣು, ಕಿವಿ ಮೊದಲು ತೋರಿಸಿ.

ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ. ಮೈಸೂರಿಗರ ಬಾಯಲ್ಲಿ ಅದು ‘ಸ್ಪೀಚ್ ಅಂಡ್ ಹಿಯರಿಂಗ್’. ಮಾತು ಬಾರದವರು, ಕಿವಿ ಕೇಳದವರು ಮಾತ್ರ ಹೋಗುವ ಜಾಗ ಅಂತ ಬಹಳ ಜನ ತಿಳಿದಿದ್ದಾರೆ. ಕಲಿಕೆಯ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ಮಂಡ್ಯದಿಂದ ಬೆಳಗಿನ ರೈಲು ಹತ್ತಿದರೆ ಸಂಜೆಗೆ ವಾಪಸ್. ಹೋಗುವಾಗ ಮಗುವಿನ ಹಳೇ ನೋಟ್‌ಪುಸ್ತಕಗಳನ್ನು ಜೊತೆಗೆ ಒಯ್ಯಿರಿ. ಚೆನ್ನಾಗಿ ಬರೆದದ್ದನ್ನು ಆರಿಸಬೇಡಿ. ಕೆಂಪು ಶಾಯಿ ಜಾಸ್ತಿ ಬಿದ್ದಿರುವುದೇ ಅವರಿಗೆ ಬೇಕು. ಒಂದೇ ಸಲಕ್ಕೆ ಮುಗಿಯುತ್ತದೆ ಅಂತ ಲೆಕ್ಕ ಹಾಕಬೇಡಿ, ಎರಡು ಮೂರು ಸಲ ಹೋಗಬೇಕಾಗಬಹುದು.

ಡಿಸ್ಲೆಕ್ಸಿಯಾ ಎಂಬ ಹೆಸರು ಇಟ್ಟದ್ದು 1887ರಲ್ಲಿ, ಜರ್ಮನಿಯ ರುಡಾಲ್ಫ್ ಬರ್ಲಿನ್ ಎಂಬ ಕಣ್ಣಿನ ಡಾಕ್ಟರು. ಹೆಸರಿಟ್ಟವರು ಕಣ್ಣಿನ ಡಾಕ್ಟರಾದರೂ ತೊಂದರೆ ಕಣ್ಣಿನದಲ್ಲ. ಬುದ್ಧಿಯದೂ ಅಲ್ಲ. ಕೇಳಿದ ಮಾತನ್ನು ಸಣ್ಣ ಸಣ್ಣ ಸದ್ದುಗಳಾಗಿ ಬಿಡಿಸಿ, ಒಂದೊಂದನ್ನೂ ಅದರ ಅಕ್ಷರಕ್ಕೆ ಸಲೀಸಾಗಿ ಜೋಡಿಸುವುದಿದೆಯಲ್ಲ, ಆ ಕೆಲಸ ಅವರಿಗೆ ತುಂಬಾ ದುಬಾರಿ. ನಮಗೆ ತಾನಾಗೇ ಆಗುವುದನ್ನು ಅವರು ಪ್ರತಿ ಪದಕ್ಕೂ ದುಡಿದು ಮಾಡಬೇಕು. ಪುಟ ಮುಗಿಯುವ ಹೊತ್ತಿಗೆ ಸುಸ್ತಾಗಿ, ಏನು ಓದಿದೆ ಅನ್ನುವುದೇ ಮರೆತಿರುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಮಂಡ್ಯದ ಮನೆಗಳಲ್ಲಿ ‘ಹಾಲು’ ಅನ್ನುವುದು ‘ಆಲು’, ‘ಹೋಗು’ ಅನ್ನುವುದು ‘ಓಗು’. ಮಗು ‘ಆಲು’ ಅಂತ ಬರೆದರೆ ಅದು ತಾನು ಕೇಳಿದ್ದನ್ನೇ ಬರೆದಿದೆ. ಅದು ಡಿಸ್ಲೆಕ್ಸಿಯಾ ಅಲ್ಲ. ತಪಾಸಣೆಗೆ ಹೋದಾಗ ಮನೆಯ ಮಾತು ಹೇಗಿದೆ ಅಂತ ತಪ್ಪದೆ ಹೇಳಿ. ಅಲ್ಲಿ ನಾಚಿಕೆ ಪಟ್ಟು ನಮ್ಮಕ್ಕ ಪೂರ್ತಿ ಪೇಪರ್ ಕನ್ನಡ ಮಾತಾಡಿಬಿಟ್ಟಳು!

ಕನ್ನಡದ ಪುಟದಲ್ಲಿ ಕಷ್ಟ ಎಲ್ಲಿದೆ

ಇಂಗ್ಲಿಷಿಗೆ ಹೋಲಿಸಿದರೆ ಕನ್ನಡ ಒಳ್ಳೆಯದು. ಬರೆದ ಹಾಗೆ ಓದಬಹುದು, ಕದ್ದು ಕೂತ ಅಕ್ಷರಗಳಿಲ್ಲ. ಆದರೆ ಆಕಾರಗಳು ಬಹಳ. ವರ್ಣಮಾಲೆಯ 49 ಕಲಿತರೆ ಮುಗಿಯಲಿಲ್ಲ. ಒಂದೊಂದು ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಲೆಕ್ಕ ನೂರಾರಕ್ಕೆ ಹೋಗುತ್ತದೆ. ಕನ್ನಡದ ಮಕ್ಕಳು ಓದು ಕಲಿಯುವುದರ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನ ತನಕವೂ ನಡೆಯುತ್ತದೆ. ಯಾವ ತೊಂದರೆಯೂ ಇಲ್ಲದ ಮಕ್ಕಳ ಕತೆ ಇದು.

ತ, ನ, ಮ, ಯ, ರ, ಲ ಈ ಆರರ ಒತ್ತುಗಳು ತಮ್ಮ ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ರ ಮತ್ತು ಠ ನಡುವೆ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ. ಪ ಮತ್ತು ಷ ನಡುವೆ ಒಂದು ಗೀರು, ಅದಕ್ಕೇ ಮೇಷ್ಟ್ರು ‘ಹೊಟ್ಟೆ ಸೀಳಿದ ಷ’ ಅನ್ನುವುದು. ಎಲ್ಲಕ್ಕಿಂತ ಕಿತಾಪತಿಯದು ಅರ್ಕಾವತ್ತು. ‘ಕರ್ನಾಟಕ’ ಅನ್ನುವಾಗ ಬಾಯಲ್ಲಿ ‘ರ್’ ಮೊದಲು ಬರುತ್ತದೆ, ‘ನಾ’ ಆಮೇಲೆ. ಹಾಳೆಯ ಮೇಲೆ ‘ನಾ’ ಮೊದಲು, ಅರ್ಕಾವತ್ತು ಅದರ ಬಲಕ್ಕೆ. ಎಡದಿಂದ ಬಲಕ್ಕೆ ಓದು ಅಂತ ಹೇಳಿಕೊಟ್ಟು, ಇಲ್ಲಿ ಮಾತ್ರ ಹಿಂದಕ್ಕೆ ಬಾ ಅಂದರೆ ಹುಡುಗ ಏನು ಮಾಡಬೇಕು?

ಇಷ್ಟೆಲ್ಲವನ್ನೂ ಸಣ್ಣ ಅಕ್ಷರದಲ್ಲಿ, ಒತ್ತಿಗೆ ಜಾಗವಿಲ್ಲದ ಸಾಲುಗಳಲ್ಲಿ ತುಂಬಿಸುವವರು ನಾವು, ಡಿಟಿಪಿಯವರು. ನನ್ನ ಪಾಲಿನ ತಪ್ಪೂ ಇದರಲ್ಲಿದೆ.

ಯಾವ ಸಾಧನ ಬೇಕು

ಹೊಸದೇನೂ ಕೊಳ್ಳಬೇಡಿ. ಮನೆಯಲ್ಲಿ ಪಕ್ಕಕ್ಕಿಟ್ಟ ಆಂಡ್ರಾಯ್ಡ್ ಫೋನ್ ಸಾಕು. ಟ್ಯಾಬ್ಲೆಟ್ ಇದ್ದರೆ ಅದೂ ಆದೀತು.

ಕಿಂಡಲ್ ಥರದ ಇ-ರೀಡರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದರ ಪರದೆ ಕಾಗದದ ಹಾಗಿರುತ್ತದೆ, ನಡುವೆ ವಾಟ್ಸಾಪ್ ಬಂದು ಕಾಡುವುದಿಲ್ಲ. ಇಂಗ್ಲಿಷ್ ಓದಿಗೆ ನಿಜಕ್ಕೂ ಒಳ್ಳೆಯದು. ಆದರೆ 2016ರಲ್ಲಿ ಕಿಂಡಲ್ ಅಂಗಡಿಗೆ ಭಾರತದ ಐದು ಭಾಷೆಗಳ ಪುಸ್ತಕ ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಕನ್ನಡದ ಪಾಠವೇ ಮುಖ್ಯ ಅನ್ನುವವರಿಗೆ ಆ ದುಡ್ಡಿನಲ್ಲಿ ಬೇರೆ ಕೆಲಸ ಇದೆ. ಆಂಡ್ರಾಯ್ಡ್ ಮೇಲೆಯೇ ನಡೆಯುವ, ಕಾಗದದಂಥದೇ ಪರದೆಯ (ಇ-ಇಂಕ್) ರೀಡರ್‌ಗಳೂ ಇವೆ. ಅವುಗಳಲ್ಲಿ ನಮಗೆ ಬೇಕಾದ ಆ್ಯಪ್ ಹಾಕಿಕೊಳ್ಳಬಹುದು, ಬೆಲೆ ಮಾತ್ರ ಜಾಸ್ತಿ.

ಫೋನಿನ ಸಣ್ಣ ಪರದೆ ಕೊರತೆ ಅಂತ ನಾನೂ ಅಂದುಕೊಂಡಿದ್ದೆ. 2013ರಲ್ಲಿ ಅಮೆರಿಕದಲ್ಲಿ ಡಿಸ್ಲೆಕ್ಸಿಯಾ ಇರುವ 103 ಹೈಸ್ಕೂಲು ಮಕ್ಕಳನ್ನು ಕಾಗದದ ಮೇಲೂ, ಅಂಗೈಯಗಲದ ಐಪಾಡ್ ಮೇಲೂ ಓದಿಸಿ ನೋಡಿದರು. ಐಪಾಡ್‌ನಲ್ಲಿ ಒಂದು ಸಾಲಿಗೆ ಎರಡು ಮೂರು ಪದ ಅಷ್ಟೇ. ಒಂದೇ ನೋಟಕ್ಕೆ ಹೆಚ್ಚು ಅಕ್ಷರ ಹಿಡಿಯಲು ಆಗದ ಮಕ್ಕಳಿಗೆ ಇದರಿಂದ ಅನುಕೂಲ ಆಯಿತು. ಎಲ್ಲರಿಗೂ ಆಗಲಿಲ್ಲ, ಅದನ್ನೂ ಹೇಳಬೇಕು. ನಮ್ಮ ಹುಡುಗ ಅನುಕೂಲವಾದವರ ಗುಂಪಿನವನು. ನಿಮ್ಮ ಮಗು ಯಾವ ಗುಂಪು ಅನ್ನುವುದು ಓದಿಸಿ ನೋಡಿದರೆ ಮಾತ್ರ ಗೊತ್ತಾಗುವುದು.

ಪಿಡಿಎಫ್ ಅಲ್ಲ, ಇಪಬ್

ಇದೊಂದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಪಿಡಿಎಫ್ ಅಂದರೆ ಪುಟದ ಫೋಟೊ ಇದ್ದ ಹಾಗೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ. ಮಗು ಪುಟವನ್ನು ಎಡಕ್ಕೂ ಬಲಕ್ಕೂ ಎಳೆಯುತ್ತಾ ಕೂರಬೇಕು. ಮೊದಲೇ ಸಾಲು ತಪ್ಪುವ ಮಗುವಿಗೆ ಇದು ಇನ್ನೊಂದು ಶಿಕ್ಷೆ.

ಇಪಬ್ ಫೈಲು ನೀರಿನ ಹಾಗೆ, ಪಾತ್ರೆಗೆ ತಕ್ಕ ಆಕಾರ ತಗೊಳ್ಳುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಮುರಿದು ಕೆಳಗೆ ಬರುತ್ತದೆ. ಮುಂದೆ ಹೇಳುವ ಎಲ್ಲ ಹೊಂದಾಣಿಕೆಯೂ ಇಪಬ್‌ನಲ್ಲಿ ಮಾತ್ರ ಚೆನ್ನಾಗಿ ನಡೆಯುತ್ತದೆ.

ಓದಲು ಆಂಡ್ರಾಯ್ಡ್‌ನಲ್ಲಿ ರೀಡ್‌ಎರಾ, ಮೂನ್ ಪ್ಲಸ್ ರೀಡರ್, ಗೂಗಲ್ ಪ್ಲೇ ಬುಕ್ಸ್ ಇವೆ. ವಿಂಡೋಸ್ ಕಂಪ್ಯೂಟರಿಗೆ ಥೋರಿಯಂ ರೀಡರ್ ಉಚಿತ. ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ವಾರಕ್ಕೊಂದು ಆ್ಯಪ್ ಬದಲಿಸಿದರೆ ಮಗುವಿಗೆ ಬಟನ್ ಹುಡುಕುವುದೇ ಕೆಲಸವಾಗುತ್ತದೆ.

ಪುಟ ಹೊಂದಿಸುವುದು

ಇಲ್ಲಿ ನಿಧಾನಕ್ಕೆ ಹೋಗೋಣ. ಇದು ನನ್ನ ಕಸುಬು.

ಮೊದಲು ಸಾಲಿನ ಅಂತರ. ನಾವು ಲೀಡಿಂಗ್ ಅನ್ನುತ್ತೇವೆ. ಅಕ್ಷರದ ಗಾತ್ರಕ್ಕಿಂತ ಮೊದಲು ಇದನ್ನು ಹೆಚ್ಚಿಸಿ. ಇಂಗ್ಲಿಷ್ ಅಕ್ಷರ ಒಂದು ಮಹಡಿಯ ಮನೆ. ಕನ್ನಡಕ್ಕೆ ಕೆಳಗೆ ನೆಲಮಾಳಿಗೆ ಬೇರೆ ಇದೆ. ‘ರಾಷ್ಟ್ರ’, ‘ಸ್ತ್ರೀ’ ಅಂತ ಬರೆದಾಗ ಒತ್ತಿನ ಕೆಳಗೆ ಇನ್ನೊಂದು ಒತ್ತು. ಅಂತರ ಕಡಿಮೆ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ಏತ್ವಗಳ ಮೇಲೆ ಬಂದು ಕೂರುತ್ತದೆ. ಹುಡುಗ ‘ಅಕ್ಷರ ಒಂದರ ಮೇಲೊಂದು ಬೀಳ್ತದೆ’ ಅಂದದ್ದು ಅವನ ಭ್ರಮೆಯಲ್ಲ, ನಿಜಕ್ಕೂ ಬಿದ್ದಿರುತ್ತದೆ! ಒಂದೂವರೆಯಿಂದ ಶುರು ಮಾಡಿ, ಎರಡರ ತನಕ ಹೋಗಿ.

ಆಮೇಲೆ ಗಾತ್ರ. ಫೋನನ್ನು ಮಗು ಸಹಜವಾಗಿ ಹಿಡಿಯುವ ದೂರದಲ್ಲಿ ಹಿಡಿದಾಗ ಒಂದು ಸಾಲಿಗೆ ಮೂರು ಪದ, ಹೆಚ್ಚೆಂದರೆ ನಾಲ್ಕು ಇರಲಿ. ನಮ್ಮ ಪದಗಳು ಉದ್ದ. ‘ಹೋಗಬೇಕಾಗಿದ್ದರಿಂದ’ ಅನ್ನುವ ಒಂದೇ ಪದ ಸಾಲನ್ನೆಲ್ಲಾ ನುಂಗುತ್ತದೆ. ಹಾಗಾಗಿ ವಿಪರೀತ ದೊಡ್ಡದು ಮಾಡಿದರೆ ಪದವೇ ಮುರಿದು ಎರಡು ಸಾಲಾಗುತ್ತದೆ. ಮುರಿಯಲು ಶುರುವಾದ ಕೂಡಲೇ ಒಂದು ಮೆಟ್ಟಿಲು ಕೆಳಗಿಳಿಯಿರಿ. ಪದ ಮುರಿಯುವ ‘ಹೈಫನೇಷನ್’ ಆಯ್ಕೆ ಇದ್ದರೆ ಆಫ್ ಮಾಡಿ.

ಮೂರನೆಯದು ಜಸ್ಟಿಫೈ. ಎರಡೂ ಬದಿ ನೇರವಾಗಿ ಕಾಣಲಿ ಅಂತ ಪದಗಳ ನಡುವೆ ಜಾಗ ಎಳೆಯುವ ಚಾಳಿ ಇದು. ಮದುವೆ ಕಾರ್ಡಿಗೆ ಚಂದ. ಕನ್ನಡದ ಉದ್ದ ಪದಗಳಿಗೆ ಇದನ್ನು ಹಚ್ಚಿದರೆ ಒಂದು ಸಾಲಿನಲ್ಲಿ ಕಂದಕ, ಇನ್ನೊಂದರಲ್ಲಿ ನೂಕುನುಗ್ಗಲು. ಕಣ್ಣಿಗೆ ಲಯ ಸಿಗುವುದಿಲ್ಲ. ಎಡಕ್ಕೆ ಮಾತ್ರ ಹೊಂದಿಸಿ, ಬಲಬದಿ ಏರುಪೇರಾಗಿಯೇ ಇರಲಿ. ಮಗುವಿಗೆ ಸಾಲಿನ ಗುರುತು ಹಿಡಿಯಲೂ ಅದು ಸಹಾಯ ಮಾಡುತ್ತದೆ.

ಅಕ್ಷರಗಳ ನಡುವಿನ ಅಂತರದ ಬಗ್ಗೆ ಒಳ್ಳೆಯ ಸಂಶೋಧನೆ ಇದೆ. 2012ರಲ್ಲಿ ಇಟಲಿ ಮತ್ತು ಫ್ರಾನ್ಸಿನ 8ರಿಂದ 14 ವರ್ಷದ 74 ಡಿಸ್ಲೆಕ್ಸಿಯಾ ಮಕ್ಕಳಿಗೆ ಅಂತರ ಹೆಚ್ಚಿಸಿದ ಪಠ್ಯ ಕೊಟ್ಟರು. ಯಾವ ತರಬೇತಿಯೂ ಇಲ್ಲದೆ ತಪ್ಪು ಕಡಿಮೆಯಾಯಿತು, ವೇಗವೂ ಹೆಚ್ಚಿತು. ಆದರೆ ಅವು ರೋಮನ್ ಅಕ್ಷರಗಳು. ಕನ್ನಡಕ್ಕೆ ಕಣ್ಣುಮುಚ್ಚಿ ಹಾಕಬೇಡಿ. ಕೆಲವು ಆ್ಯಪ್‌ಗಳಲ್ಲಿ ಅಂತರ ಹೆಚ್ಚಿಸಿದರೆ ಒತ್ತು ತನ್ನ ಅಕ್ಷರವನ್ನು ಬಿಟ್ಟು ಅನಾಥವಾಗಿ ಪಕ್ಕಕ್ಕೆ ಹೋಗುತ್ತದೆ. ‘ಸ್ವಾತಂತ್ರ್ಯ’, ‘ಲಕ್ಷ್ಮಿ’, ‘ಅರ್ಥ’, ‘ಕೃಷ್ಣ’ ಈ ನಾಲ್ಕು ಪದ ಟೈಪ್ ಮಾಡಿ ನೋಡಿ. ನಾಲ್ಕೂ ಗಟ್ಟಿಯಾಗಿ ಕೂತಿದ್ದರೆ ಸ್ವಲ್ಪ ಹೆಚ್ಚಿಸಿ. ಒಂದು ಅಲುಗಾಡಿದರೂ ಬೇಡ, ಪದಗಳ ನಡುವಿನ ಅಂತರ ಮಾತ್ರ ಹೆಚ್ಚಿಸಿ.

ಇನ್ನು ಫಾಂಟು. ಡಿಸ್ಲೆಕ್ಸಿಯಾಗೇ ಮಾಡಿದ ‘ಓಪನ್ ಡಿಸ್ಲೆಕ್ಸಿಕ್’ ಅನ್ನುವ ಫಾಂಟ್ ಹೆಸರು ಕೇಳಿರಬಹುದು. ಕಿಂಡಲ್‌ನಲ್ಲೂ ಇದೆ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಇಂಗ್ಲಿಷಿನಲ್ಲೂ ಅದರಿಂದ ಓದು ಸುಧಾರಿಸುತ್ತದೆ ಅನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಮಗುವಿಗೆ ಇಷ್ಟವಾದರೆ ಇಟ್ಟುಕೊಳ್ಳಲಿ, ಅಷ್ಟೇ. ಕನ್ನಡಕ್ಕೆ ನಾನು ಹಾಕುವುದು ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ. ಎರಡೂ ಉಚಿತ. ಅನೇಕ್‌ನಲ್ಲಿ ಅಕ್ಷರದ ಅಗಲವನ್ನೂ ದಪ್ಪವನ್ನೂ ಬೇಕಾದಷ್ಟಕ್ಕೆ ಆರಿಸಬಹುದು. ಯಾವ ಫಾಂಟೇ ಆಗಲಿ ರ-ಠ, ದ-ಧ-ಥ, ಪ-ಷ-ಫ, ಮ-ವ ಅಂತ ಬರೆದು, ಮಗುವಿಗೆ ತೋರಿಸಿ, ಯಾವುದರಲ್ಲಿ ಬೇಗ ಗುರುತು ಸಿಗುತ್ತದೆ ಅಂತ ಅದನ್ನೇ ಕೇಳಿ. ಅಲಂಕಾರದ ಫಾಂಟುಗಳು ಬೇಡವೇ ಬೇಡ.

ಹಿನ್ನೆಲೆ ಬಣ್ಣ ಮಗುವಿನ ಇಷ್ಟ. ನಮ್ಮವನು ಕೆನೆ ಬಣ್ಣ ಹಿಡಿದಿದ್ದಾನೆ. ಬಣ್ಣದ ಗಾಜು, ಬಣ್ಣದ ಹಾಳೆಯಿಂದ ಡಿಸ್ಲೆಕ್ಸಿಯಾ ಹೋಗುತ್ತದೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪಠ್ಯ ಎಲ್ಲಿಂದ ತರುವುದು

ಕತೆಗಳಿಗೆ ಚಿಂತೆ ಇಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ 2015ರಿಂದ ಇದೆ. ಅಲ್ಲಿ ಕನ್ನಡದ ಮಕ್ಕಳ ಕತೆಗಳು ನಾಲ್ಕು ಹಂತಗಳಲ್ಲಿ ಸಿಗುತ್ತವೆ, ಉಚಿತವಾಗಿ ಇಳಿಸಿಕೊಳ್ಳಬಹುದು. ಇದರಲ್ಲೊಂದು ಗುಟ್ಟಿನ ಲಾಭವೂ ಇದೆ. ಐದನೇ ಕ್ಲಾಸಿನವನ ಕೈಗೆ ಒಂದನೇ ಕ್ಲಾಸಿನ ತೆಳ್ಳನೆ ಪುಸ್ತಕ ಕೊಟ್ಟರೆ ತಂಗಿ ಮುಂದೆ ಮರ್ಯಾದೆ ಹೋಗುತ್ತದೆ. ಫೋನಿನಲ್ಲಿ ಯಾವ ಹಂತ ಓದುತ್ತಿದ್ದಾನೆ ಅಂತ ಯಾರಿಗೆ ಗೊತ್ತು? ದೊಡ್ಡವರಿಗೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕ ಎರಡೂ ಇವೆ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯವೂ ಇದೆ.

ತಲೆನೋವು ಇರುವುದು ಪಾಠದ ಪುಸ್ತಕದಲ್ಲಿ. ಅದು ಸಿಗುವುದು ಪಿಡಿಎಫ್ ಆಗಿ. ಮೊದಲು ಒಂದು ಪರೀಕ್ಷೆ ಮಾಡಿ. ಪಿಡಿಎಫ್‌ನ ಒಂದು ಸಾಲನ್ನು ಒತ್ತಿಹಿಡಿದು ಕಾಪಿ ಮಾಡಿ, ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಕನ್ನಡವೇ ಬಂದರೆ ನಿಮ್ಮ ಅದೃಷ್ಟ. ಇಂಗ್ಲಿಷ್ ಅಕ್ಷರ, ಚುಕ್ಕಿ, ಡಾಲರ್ ಗುರುತು ಎಲ್ಲ ಕಲಸಿದ ಚಿತ್ರಾನ್ನ ಬಂದರೆ ಅದು ನುಡಿ, ಶ್ರೀಲಿಪಿ ಥರದ ಹಳೇ ಫಾಂಟಿನಲ್ಲಿ ಕೂರಿಸಿದ್ದು. ಆ ಕಾಲದಲ್ಲಿ ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಚಿತ್ರ ಬರೆದಿಟ್ಟು ಕೆಲಸ ಸಾಗಿಸುತ್ತಿದ್ದೆವು. ನೋಡಲು ಕನ್ನಡ, ಒಳಗೆ ಇಂಗ್ಲಿಷ್. ಕಂಪ್ಯೂಟರಿಗೆ ಅದನ್ನು ಓದಿ ಹೇಳು ಅಂದರೆ ಪಾಪ, ಅದು ಇರುವುದನ್ನೇ ಓದುತ್ತದೆ. ಮೂರನೆಯ ಸಾಧ್ಯತೆ, ಸಾಲು ಕಾಪಿಯೇ ಆಗುವುದಿಲ್ಲ. ಅದು ಬರೀ ಸ್ಕ್ಯಾನ್ ಮಾಡಿದ ಚಿತ್ರ.

ಚಿತ್ರಾನ್ನ ಬಂದರೆ ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನು ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗುವ ಅಕ್ಷರಕ್ಕೆ, ಬದಲಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಕನ್ನಡ ಬರುತ್ತದೆ. ಗೊತ್ತಾಗದಿದ್ದರೆ ಹತ್ತಿರದ ಡಿಟಿಪಿ ಅಂಗಡಿಯವರನ್ನು ಕೇಳಿ. ನಮಗೆ ಇದು ದಿನದ ಕೆಲಸ. ಮಗುವಿಗೆ ಅಂದರೆ ಹೆಚ್ಚಿಗೆ ದುಡ್ಡು ಕೇಳುವವರು ಕಡಿಮೆ.

ಚಿತ್ರವಾಗಿದ್ದರೆ ಗೂಗಲ್ ಡ್ರೈವ್ ಸಾಕು. ಇದಕ್ಕೆ ಕಂಪ್ಯೂಟರ್ ಬೇಕು, ಫೋನಿನ ಆ್ಯಪ್‌ನಲ್ಲಿ ಆಗುವುದಿಲ್ಲ. ಪಾಠದ ಪುಟಗಳನ್ನು ಹಗಲು ಬೆಳಕಿನಲ್ಲಿ, ನೆರಳು ಬೀಳದ ಹಾಗೆ, ನೇರವಾಗಿ ಫೋಟೊ ತೆಗೆಯಿರಿ. ಡ್ರೈವ್‌ಗೆ ಹಾಕಿ. ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಓಪನ್ ವಿತ್’ನಲ್ಲಿ ಗೂಗಲ್ ಡಾಕ್ಸ್ ಆರಿಸಿ. ಫೋಟೊದ ಕೆಳಗೆ ಅಕ್ಷರಗಳು ಬಂದು ಕೂರುತ್ತವೆ. ಇಡೀ ಪುಸ್ತಕ ಒಟ್ಟಿಗೆ ಹಾಕಬೇಡಿ, ಒಂದೊಂದು ಪಾಠ ಸಾಕು.

ಬಂದದ್ದನ್ನು ಪ್ರೂಫ್ ನೋಡದೆ ಮಗುವಿಗೆ ಕೊಡಬೇಡಿ. ಮುದ್ರಣದ ತಪ್ಪನ್ನು ನಾವು ಗಮನಿಸದೆ ದಾಟಿಹೋಗುತ್ತೇವೆ. ಈ ಮಗು ಮಾತ್ರ ತಪ್ಪು ತನ್ನದೇ ಅಂತ ತಿಳಿಯುತ್ತದೆ. ಒತ್ತುಗಳು, ಅಲ್ಪಪ್ರಾಣ-ಮಹಾಪ್ರಾಣ ಮೊದಲು ನೋಡಿ. ಇನ್ನೊಂದು ಕಳ್ಳ ಇದೆ. ಅನುಸ್ವಾರದ ಸೊನ್ನೆ ಬೇರೆ, ಅಂಕಿಯ ಸೊನ್ನೆ ಬೇರೆ. ಕಣ್ಣಿಗೆ ಎರಡೂ ಒಂದೇ. ಅಂಕಿಯ ಸೊನ್ನೆ ಸೇರಿಕೊಂಡಿದ್ದರೆ ಓದಿ ಹೇಳುವ ಯಂತ್ರ ಅಲ್ಲಿ ಎಡವುತ್ತದೆ. ನಾನು ಇದನ್ನು ಹಿಡಿಯಲು ಒಂದು ಭಾನುವಾರ ಪೂರ್ತಿ ಕಳೆದೆ.

ತಿದ್ದಿದ ಮೇಲೆ ಪ್ಯಾರಾಗಳನ್ನು ಚಿಕ್ಕದಾಗಿ ಒಡೆಯಿರಿ, ನಾಲ್ಕೈದು ಸಾಲಿಗೊಂದು. ಪಾಠದ ಹೆಸರಿಗೆ ಹೆಡಿಂಗ್ ಕೊಡಿ. ಆಮೇಲೆ ಫೈಲ್, ಡೌನ್‌ಲೋಡ್, ಇಪಬ್. ಲಿಬ್ರೆಆಫೀಸ್‌ನಲ್ಲೂ ಇಪಬ್ ಮಾಡಬಹುದು. ಹೀಗೆ ಮಾಡುವುದು ಕಾಪಿರೈಟ್ ಕಳ್ಳತನ ಅಲ್ಲವಾ ಅಂತ ಅಕ್ಕ ಕೇಳಿದಳು. ಅಂಗವೈಕಲ್ಯ ಇರುವವರು ಓದಲು ಬೇಕಾದ ರೂಪಕ್ಕೆ ಬದಲಿಸಿಕೊಳ್ಳಲು ನಮ್ಮ ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಮಗುವಿನ ಓದಿಗೆ ಇಟ್ಟುಕೊಳ್ಳಿ, ಊರಿಗೆಲ್ಲ ಹಂಚಬೇಡಿ.

ಧ್ವನಿ ಜೋಡಿಸುವುದು

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ‘ಟೆಕ್ಸ್ಟ್ ಟು ಸ್ಪೀಚ್’ ಅಂತ ಹುಡುಕಿ. ಗೂಗಲ್‌ನ ಎಂಜಿನ್ ಆರಿಸಿ, ಭಾಷೆ ಕನ್ನಡ ಮಾಡಿ, ಧ್ವನಿಯ ಫೈಲನ್ನು ವೈಫೈ ಇರುವಾಗಲೇ ಇಳಿಸಿಕೊಳ್ಳಿ. ಆಮೇಲೆ ಆ್ಯಕ್ಸೆಸಿಬಿಲಿಟಿಯಲ್ಲಿ ‘ಸೆಲೆಕ್ಟ್ ಟು ಸ್ಪೀಕ್’ ಆನ್ ಮಾಡಿ. ಪರದೆಯ ಮೇಲಿನ ಯಾವ ಸಾಲು ಮುಟ್ಟಿದರೂ ಓದಿ ಹೇಳುತ್ತದೆ. ರೀಡ್‌ಎರಾ ಥರದ ಆ್ಯಪ್‌ಗಳಲ್ಲಿ ಒಳಗೇ ಓದುವ ಗುಂಡಿ ಇರುತ್ತದೆ. ಐಫೋನ್‌ನಲ್ಲೂ ಕನ್ನಡದ ಧ್ವನಿ ಇದೆ, ಆ್ಯಕ್ಸೆಸಿಬಿಲಿಟಿಯಲ್ಲೇ ಸಿಗುತ್ತದೆ. ಕಂಪ್ಯೂಟರಿನಲ್ಲಿ ಎಡ್ಜ್ ಬ್ರೌಸರ್‌ನ ‘ರೀಡ್ ಅಲೌಡ್’ನಲ್ಲಿ ಸಪ್ನಾ, ಗಗನ್ ಅನ್ನುವ ಎರಡು ಕನ್ನಡ ಧ್ವನಿಗಳಿವೆ. ನನ್ನ ಕಿವಿಗೆ ಇವೇ ಹೆಚ್ಚು ಸಹಜ. ಓದುತ್ತಿರುವ ಪದಕ್ಕೆ ಬಣ್ಣವೂ ಹತ್ತುತ್ತದೆ.

ವೇಗ ಕಡಿಮೆ ಮಾಡಿ. ತೀರಾ ಕಡಿಮೆ ಬೇಡ, ಮಾತು ರಬ್ಬರಿನ ಹಾಗೆ ಎಳೆದರೆ ಅರ್ಥ ಹೋಗುತ್ತದೆ.

ಯಂತ್ರಕ್ಕೆ ಗದ್ಯ ಬರುತ್ತದೆ, ಪದ್ಯ ಬರುವುದಿಲ್ಲ. ವಚನವನ್ನು ವಾರ್ತೆ ಓದಿದ ಹಾಗೆ ಓದುತ್ತದೆ, ಹಳಗನ್ನಡವನ್ನಂತೂ ಕೇಳಲಾಗದು. ಪದ್ಯಗಳನ್ನು ಮನೆಯವರೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ. ನಮ್ಮಮ್ಮ ಅಡುಗೆಮನೆಯಲ್ಲಿ ಕೂತು ಓದಿದ ಒಂದು ಪದ್ಯದ ನಡುವೆ ಕುಕ್ಕರ್ ಸೀಟಿ ಇದೆ. ಹುಡುಗ ಅದನ್ನೇ ಗುರುತಿಟ್ಟುಕೊಂಡು, ಸೀಟಿಯ ಆಚೆಯ ಸಾಲು ಈಚೆಯ ಸಾಲು ಅಂತ ಬಾಯಿಪಾಠ ಮಾಡಿದ್ದಾನೆ.

‘ಹ’ಕಾರದ ವಿಷಯದಲ್ಲಿ ಯಂತ್ರದಿಂದ ನಿರೀಕ್ಷಿಸದ ಉಪಕಾರ ಆಯಿತು. ಮನೆಯಲ್ಲಿ ಎಂದೂ ಕೇಳದ ‘ಹ’ ಅನ್ನು ದಿನಾ ಕೇಳುತ್ತಾ, ಅದೇ ಹೊತ್ತಿಗೆ ಕಣ್ಣಲ್ಲಿ ಕಾಣುತ್ತಾ ಅವನಿಗೆ ಎರಡೂ ಕೂಡಿಬಂತು. ಮಾತಾಡುವಾಗ ಈಗಲೂ ‘ಆಲು’ ಅನ್ನುತ್ತಾನೆ. ಬರೆಯುವಾಗ ‘ಹಾಲು’.

ದಿನಕ್ಕೆ ಎಷ್ಟು, ಹೇಗೆ

ಹದಿನೈದು ನಿಮಿಷ ಸಾಕು. ಒಂದು ಪ್ಯಾರಾವನ್ನು ಮೊದಲು ಸುಮ್ನೆ ಕೇಳಿಸಿಕೊಳ್ಳಲಿ, ಪರದೆ ನೋಡುವುದೂ ಬೇಡ. ಕತೆ ಏನು ಅಂತ ಗೊತ್ತಾಗಲಿ. ಎರಡನೇ ಸಲ ಧ್ವನಿಯ ಜೊತೆ ಕಣ್ಣೂ ಸಾಗಲಿ, ಬೆರಳಿಟ್ಟುಕೊಂಡರೂ ಪರವಾಗಿಲ್ಲ. ಮೂರನೇ ಸಲ ಧ್ವನಿ ನಿಲ್ಲಿಸಿ ತಾನೇ ಓದಲಿ. ಎಡವಿದ ಪದವನ್ನು ಮುಟ್ಟಿ ಕೇಳಿಸಿಕೊಳ್ಳಲಿ. ಪಕ್ಕದಲ್ಲಿ ಕೂತ ನೀವು ‘ಅಷ್ಟೂ ಬರಲ್ವಾ’ ಅನ್ನಬೇಡಿ. ಯಂತ್ರ ಹತ್ತು ಸಲ ಕೇಳಿದರೂ ಸಿಡುಕುವುದಿಲ್ಲ, ನಮ್ಮ ಹುಡುಗನಿಗೆ ಅದರಲ್ಲಿ ಬಹಳ ಹಿಡಿಸಿದ್ದು ಅದೇ.

ವಿಜ್ಞಾನ, ಸಮಾಜ ಪಾಠಗಳಿಗೆ ಮೂರನೇ ಸುತ್ತು ಬೇಡ. ಅಲ್ಲಿ ತಿಳಿಯಬೇಕಾದ್ದು ವಿಷಯ. ಕೇಳಿ ತಿಳಿದರೂ ಅದು ತಿಳಿದದ್ದೇ. ಓದಿನ ಅಭ್ಯಾಸಕ್ಕೆ ಕತೆ, ವಿಷಯಕ್ಕೆ ಕಿವಿ ಅಂತ ಭಾಗ ಮಾಡಿಕೊಂಡ ಮೇಲೆ ಮನೆಯಲ್ಲಿ ಜಗಳ ಅರ್ಧಕ್ಕೆ ಇಳಿಯಿತು.

ಓದುವಾಗ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಆನ್ ಮಾಡಿದರೆ ಓದುವ ಆ್ಯಪ್ ಬಿಟ್ಟು ಹೊರಗೆ ಹೋಗಲು ಪಾಸ್‌ವರ್ಡ್ ಬೇಕಾಗುವ ಹಾಗೆ ಮಾಡಬಹುದು. ಮೊದಲ ವಾರ ನಾನು ಇದನ್ನು ಮಾಡಿರಲಿಲ್ಲ. ಹದಿನೈದು ನಿಮಿಷದ ಓದಿನಲ್ಲಿ ಹನ್ನೆರಡು ನಿಮಿಷ ಕ್ರಿಕೆಟ್ ವಿಡಿಯೊ!

ಒಂದು ಮಾತು ಸ್ಪಷ್ಟವಾಗಿರಲಿ. ಇದೆಲ್ಲ ಊರುಗೋಲು. ಸದ್ದು-ಅಕ್ಷರ ಜೋಡಿಸುವುದನ್ನು ಹಂತಹಂತವಾಗಿ ಕಲಿಸುವ ವಿಶೇಷ ಪಾಠ ಬೇರೆಯೇ ಬೇಕು. ತಪಾಸಣೆ ಮಾಡಿದವರು ಹೇಳಿದ ತರಗತಿಯನ್ನು ಫೋನ್ ಇದೆಯಲ್ಲ ಅಂತ ಬಿಡಿಸಬೇಡಿ.

ಶಾಲೆಯ ಜೊತೆ ಮಾತು

ಶಾಲೆಗೆ ಫೋನ್ ತರುವ ಹಾಗಿಲ್ಲ ಅನ್ನುತ್ತಾರೆ. ಸರಿಯೇ. ಅದಕ್ಕೆ ನಾನು ಮಾಡಿದ್ದು ಇಷ್ಟು: ಅದೇ ತಿದ್ದಿದ ಪಾಠವನ್ನು 18 ಪಾಯಿಂಟಿನಲ್ಲಿ, ಒಂದೂವರೆ ಅಂತರದಲ್ಲಿ, ಎಡಕ್ಕೆ ಹೊಂದಿಸಿ, ಕಾಗದದ ಒಂದೇ ಬದಿಗೆ ಪ್ರಿಂಟ್ ತೆಗೆದೆ. ಅಗಲ ಕಡಿಮೆ ಇರಲಿ ಅಂತ ಮಾರ್ಜಿನ್ ಧಾರಾಳ ಬಿಟ್ಟೆ. ಸ್ಪೈರಲ್ ಹಾಕಿಸಿದರೆ ಅದೂ ಪುಸ್ತಕವೇ. ಟೀಚರಿಗೆ ಅಕ್ಕ ಹೇಳಿದ್ದು ಎರಡೇ ಮಾತು. “ಎಲ್ಲರ ಮುಂದೆ ಎದ್ದು ನಿಲ್ಲಿಸಿ ಓದಿಸಬೇಡಿ ಮೇಡಂ. ಬಾಯಲ್ಲಿ ಕೇಳಿ, ಉತ್ತರ ಹೇಳ್ತಾನೆ.”

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ ಕೇಳಬಹುದು. ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇರಬಾರದು ಅಂತ ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಎಸ್ಸೆಸ್ಸೆಲ್ಸಿ ತನಕ ಕಾಯಬೇಡಿ. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಕಾಗದಪತ್ರ ಕೈಯಲ್ಲಿರಲಿ, ಅರ್ಜಿ ಶಾಲೆಯ ಮೂಲಕವೇ ಹೋಗಬೇಕು.

ಅಳೆದು ನೋಡಿ

ಉಪಯೋಗ ಆಗುತ್ತಿದೆಯಾ ಅಂತ ಅಂದಾಜಿನಲ್ಲಿ ಹೇಳಬೇಡಿ. ಮಗು ಮೊದಲು ಓದಿರದ, ಸುಮಾರು ನೂರು ಪದದ ಎರಡು ಭಾಗ ಆರಿಸಿ. ಒಂದನ್ನು ಪುಸ್ತಕದಲ್ಲಿ, ಇನ್ನೊಂದನ್ನು ಹೊಂದಿಸಿದ ಪುಟದಲ್ಲಿ ಓದಿಸಿ. ಎಷ್ಟು ಹೊತ್ತು, ಎಷ್ಟು ತಪ್ಪು, ಕೊನೆಗೆ ಕತೆ ಹೇಳಬಲ್ಲನಾ, ಮೂರನ್ನು ಬರೆದಿಡಿ. ಮೂರು ವಾರ ಬಿಟ್ಟು ಮತ್ತೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಏನೂ ವ್ಯತ್ಯಾಸ ಕಾಣದಿದ್ದರೆ ಅಂತರ, ಗಾತ್ರ ಬದಲಿಸಿ. ಆಗಲೂ ಇಲ್ಲವಾದರೆ ಕಾಗದಕ್ಕೇ ವಾಪಸ್ ಹೋಗಿ, ಧ್ವನಿ ಮಾತ್ರ ಇಟ್ಟುಕೊಳ್ಳಿ.

ನಮ್ಮ ಹುಡುಗ ಈಗ ಏಳನೇ ಕ್ಲಾಸು. ಓದು ಇನ್ನೂ ನಿಧಾನವೇ. ಕಳೆದ ಭಾನುವಾರ ಫೋನ್ ಮಾಡಿದ್ದ. “ಮಾವ, ವಿಜ್ಞಾನದ ಹೊಸ ಪಾಠ ಕಳ್ಸು. ಲೈನ್ ಗ್ಯಾಪು ಎಲ್ಡು ಬ್ಯಾಡ, ಒಂದೂವರೆ ಸಾಕು. ಪುಟ ಸುಮ್ನೆ ಜಾಸ್ತಿ ಆಯ್ತವೆ.”